ಹೋಟೆಲು ಮಾಣಿಯ ರಾತ್ರಿ ಶಾಲೆ

ಕುಂದಾಪುರ, ಕೋಟ, ಬ್ರಹ್ಮಾವರದ ಕಡೆ ‘ಮಾಣಿ’ ಎಂದರೆ ಹುಡುಗ, ಅಷ್ಟೇ. ತಾಯಿ ಮಗನನ್ನು ಕರೆಯುವುದೂ ಹಾಗೆಯೇ, ಅಜ್ಜಿ ಮೊಮ್ಮಗನನ್ನು ಕರೆಯುವುದೂ ಹಾಗೆಯೇ. ಘಟ್ಟ ಹತ್ತಿದ ಮೇಲೆ ಈ ಪದದ ಅರ್ಥ ಬದಲಾಗುತ್ತದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಮಾಣಿ ಎಂದರೆ ಹೋಟೆಲಿನಲ್ಲಿ ಇಡ್ಲಿ-ಕಾಫಿ ತಂದಿಡುವವನು. ಅವನಿಗೆ ಮೀಸೆ ಬಂದಿರಲಿ, ಮೊಮ್ಮಕ್ಕಳಾಗಿರಲಿ, ಮಾಣಿ ಮಾಣಿಯೇ. ಮನೆಯೊಳಗಿನ ಅಕ್ಕರೆಯ ಮಾತೊಂದು ಹೀಗೆ ಉದ್ಯೋಗದ ಹೆಸರಾದದ್ದು ಹೇಗೆ ಎಂದು ಭಾಷಾಶಾಸ್ತ್ರಜ್ಞರನ್ನು ಕೇಳಬೇಕಾಗಿಲ್ಲ. ಕರಾವಳಿಯಿಂದ ಹೋಟೆಲು ಕೆಲಸಕ್ಕೆಂದು ಹೊರಟು ಬಂದವರು ನಿಜವಾಗಿಯೂ ಮಾಣಿಗಳೇ ಆಗಿದ್ದರು. ಹತ್ತು, ಹನ್ನೆರಡು, ಹದಿನಾಲ್ಕು ವರ್ಷದ ಹುಡುಗರು. ಊರಿನವನೇ ಆದ ಧಣಿ ಊರಿನಲ್ಲಿ ಕರೆದಂತೆಯೇ ಇಲ್ಲಿಯೂ ಕರೆದ. ಗಿರಾಕಿಗಳು ಅದನ್ನು ಕೇಳಿ ಕಲಿತರು.

ಈ ಹುಡುಗರು ಹೋದ ಊರುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮುಂಬಯಿ. ಅಲ್ಲಿ ಅವರ ಕಥೆಗೆ ಬೇರೆಲ್ಲೂ ಅಷ್ಟಾಗಿ ಕಾಣದ ಒಂದು ತಿರುವು ಸಿಕ್ಕಿತು. ಲೋಟ ತೊಳೆದ ಹುಡುಗ ಧಣಿಯಾದ, ಮೇಜು ಒರೆಸಿದವನು ಬ್ಯಾಂಕಿನ ಗುಮಾಸ್ತನಾದ ಎಂಬ ಕಥೆಗಳನ್ನು ನಾವು ಕರಾವಳಿಯ ಸಮಾರಂಭಗಳಲ್ಲಿ ಬೇಕಾದಷ್ಟು ಕೇಳಿದ್ದೇವೆ. ಹೇಳುವವರು ಸಾಮಾನ್ಯವಾಗಿ ಶ್ರಮ, ನಿಷ್ಠೆ, ದೇವರ ದಯೆ ಎಂದು ಮುಗಿಸುತ್ತಾರೆ. ಶ್ರಮವೇನೋ ಇತ್ತು. ಆದರೆ ಅಷ್ಟೇ ಶ್ರಮಪಟ್ಟ ಹುಡುಗರು ಈ ದೇಶದ ಎಲ್ಲ ನಗರಗಳಲ್ಲೂ ಇದ್ದರು. ಅವರಲ್ಲಿ ಹೆಚ್ಚಿನವರು ಲೋಟ ತೊಳೆಯುತ್ತಲೇ ಮುದುಕರಾದರು. ಮುಂಬಯಿಯಲ್ಲಿ ಬೇರೆ ಏನಿತ್ತು ಎಂಬುದು ಕೇಳಬೇಕಾದ ಪ್ರಶ್ನೆ.

ಮೊದಲು ಅವರು ಊರು ಬಿಟ್ಟದ್ದೇಕೆ ಎಂಬುದನ್ನು ನೋಡೋಣ. ದಕ್ಷಿಣ ಕನ್ನಡದ ಗದ್ದೆಗಳು ಸಣ್ಣವು, ಬಾಯಿಗಳು ಹೆಚ್ಚು. ಗೇಣಿಗೆ ಗದ್ದೆ ಮಾಡುತ್ತಿದ್ದ ಒಕ್ಕಲಿನ ಮನೆಯಲ್ಲಿ ಧಣಿಯ ಪಾಲು ಅಳೆದುಕೊಟ್ಟ ಮೇಲೆ ಉಳಿಯುವ ಅಕ್ಕಿ ಆಷಾಢದ ಮಳೆಗಾಲ ದಾಟಲು ಸಾಲದು. ಊರಿನ ಶಾಲೆ ಐದನೇ ತರಗತಿಗೋ ಏಳಕ್ಕೋ ನಿಂತುಬಿಡುತ್ತಿತ್ತು. ಹೈಸ್ಕೂಲು ಎಂದರೆ ಹೊಳೆ ದಾಟಿ ಐದಾರು ಮೈಲಿ ನಡಿಗೆ, ಜತೆಗೆ ಫೀಸು. ಹೀಗೆ ಪಾಠ ನಿಂತ, ಗದ್ದೆಗೆ ಇನ್ನೂ ಬಲ ಸಾಲದ ಹುಡುಗ ಮನೆಗೆ ಭಾರವೆನಿಸುತ್ತಿದ್ದ. ರಜೆಗೆಂದು ಊರಿಗೆ ಬಂದ ಮುಂಬಯಿಯ ಸೋದರಮಾವನೋ ನೆರೆಮನೆಯವನೋ ಹಿಂತಿರುಗುವಾಗ ಅವನನ್ನು ಜತೆಗೆ ಕರೆದೊಯ್ಯುತ್ತಿದ್ದ. ಕೆಲವರು ಯಾರಿಗೂ ಹೇಳದೆ ಓಡಿಹೋದದ್ದೂ ಉಂಟು. ಮೊದಲು ಕರಾವಳಿಯ ಸ್ಟೀಮರು, ಆಮೇಲೆ ಒಂದು ಹಗಲು ಒಂದು ರಾತ್ರಿಯ ಬಸ್ಸು. ಕೊಂಕಣ ರೈಲು ಪೂರ್ತಿಯಾಗಿ ಓಡಲು ತೊಡಗಿದ್ದು 1998ರಲ್ಲಿ. ಅಷ್ಟರಲ್ಲಿ ಈ ವಲಸೆಯ ದೊಡ್ಡ ಅಲೆ ಮುಗಿದೇ ಹೋಗಿತ್ತು.

1974ರ ಮಾರ್ಚಿನಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಒಕ್ಕಲುಗಳು ಭೂಮಿಯ ಒಡೆಯರಾದರು. ಆಗ ಭೂಮಿ ಕಳೆದುಕೊಂಡ ಮನೆಗಳ ಹುಡುಗರೂ ಇದೇ ದಾರಿ ಹಿಡಿದರು. ಒಕ್ಕಲಿನ ಮಗನೂ ಒಡೆಯನ ಮಗನೂ ಮುಂಬಯಿಯ ಒಂದೇ ಹೋಟೆಲಿನ ಅಟ್ಟದಲ್ಲಿ ಪಕ್ಕಪಕ್ಕದಲ್ಲಿ ಚಾಪೆ ಹಾಸಿದ ಪ್ರಸಂಗಗಳಿಗೆ ಕೊರತೆಯಿರಲಿಲ್ಲ.

ಮುಂಬಯಿಗೆ ಈ ಹುಡುಗರು ಬೇಕಾಗಿದ್ದರು. ಗಿರಣಿಗಳು, ಗೋದಿಗಳು, ಕೋಟೆ ಪ್ರದೇಶದ ಕಚೇರಿಗಳು ಊರು ಬಿಟ್ಟು ಒಂಟಿಯಾಗಿ ಬಂದ ಲಕ್ಷಾಂತರ ಗಂಡಸರನ್ನು ಒಂದೆಡೆ ಸೇರಿಸಿದ್ದವು. ಅವರಿಗೆ ಅಗ್ಗದ, ಶುಚಿಯಾದ ಊಟ ಬೇಕಿತ್ತು. ಉಡುಪಿ ಹೋಟೆಲು ಆ ಅಗತ್ಯದ ಕೂಸು. ಮಾಟುಂಗಾದ ರೈಲು ನಿಲ್ದಾಣದ ಬಳಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರು ಕಾರ್ಕಳ ಸೀಮೆಯಿಂದ ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಪಾತ್ರೆ ತೊಳೆಯುವುದರಿಂದ ಶುರುಮಾಡಿದವರು. ಹೋಟೆಲಿನ ಅಗ್ಗದ ಬೆಲೆಯ ಹಿಂದೆ ಅಗ್ಗದ ಕೈಗಳಿದ್ದವು ಎಂಬುದನ್ನೂ ಸೇರಿಸಿಯೇ ಹೇಳಬೇಕು. ಹನ್ನೆರಡು ವರ್ಷದವನಿಗೆ ಕೊಡಬೇಕಾದದ್ದು ಎರಡು ಹೊತ್ತಿನ ಊಟ, ಮಲಗಲು ಜಾಗ, ಮೇಲೆ ಒಂದಿಷ್ಟು ಸಂಬಳ.

ಕೆಲಸಕ್ಕೆ ಮೆಟ್ಟಿಲುಗಳಿದ್ದವು. ಹೊಸದಾಗಿ ಬಂದವನಿಗೆ ಮೋರಿಯ ಕೆಲಸ. ಮುಂಬಯಿಯ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವ ಜಾಗಕ್ಕೆ ಮೋರಿ ಎಂದೇ ಹೆಸರು. ಸದಾ ನೀರಿನಲ್ಲಿ ನಿಂತು ಕಾಲ್ಬೆರಳ ಸಂದುಗಳು ಕೊಳೆತು ಹೋಗುತ್ತಿದ್ದವು. ಅಲ್ಲಿಂದ ಬಡ್ತಿ ಸಿಕ್ಕರೆ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಮೇಜು ಒರೆಸುವುದು. ಆಮೇಲೆ ತಂತಿಯ ಸ್ಟ್ಯಾಂಡಿನಲ್ಲಿ ಚಹಾದ ಗ್ಲಾಸುಗಳನ್ನು ಹಿಡಿದು ಸುತ್ತಲಿನ ಕಚೇರಿಗಳಿಗೆ ಹೋಗುವ ಕೆಲಸ. ಈ ಕೆಲಸಕ್ಕೆ ಹುಡುಗರಲ್ಲಿ ಬಹಳ ಬೇಡಿಕೆ. ಹೊರಗಿನ ಗಾಳಿ ಸಿಗುತ್ತಿತ್ತು, ಕಚೇರಿಯೊಳಗೆ ಬೆರಳಚ್ಚು ಯಂತ್ರದ ಮುಂದೆ ಕುಳಿತು ಕೆಲಸ ಮಾಡುವವರು ಕಾಣುತ್ತಿದ್ದರು, ಹಿಂದಿ ಮರಾಠಿ ಕಿವಿಗೆ ಬೀಳುತ್ತಿತ್ತು. ಕೊನೆಗೆ ಸಪ್ಲಾಯರ್. ಅದೃಷ್ಟವಿದ್ದರೆ ಗಲ್ಲಾ, ಅಂದರೆ ಹಣದ ಪೆಟ್ಟಿಗೆಯ ಮುಂದಿನ ಕುರ್ಚಿ.

ಸಂಬಳ ಹುಡುಗನ ಕೈಗೆ ಬರುತ್ತಿದ್ದುದು ಕಡಿಮೆ. ಧಣಿಯ ಲೆಕ್ಕದ ಪುಸ್ತಕದಲ್ಲಿ ಅದು ಜಮಾ ಆಗುತ್ತಿತ್ತು. ಅಲ್ಲಿಂದ ಮನಿಯಾರ್ಡರಾಗಿ ಊರಿಗೆ ಹೋಗುತ್ತಿತ್ತು, ಅಥವಾ ಅಪ್ಪನೇ ಮುಂಗಡ ಪಡೆದಿದ್ದರೆ ಅದಕ್ಕೆ ವಜಾ ಆಗುತ್ತಿತ್ತು. ‘ಹುಡುಗರ ಕೈಯಲ್ಲಿ ದುಡ್ಡಿದ್ದರೆ ಕೆಟ್ಟುಹೋಗುತ್ತಾರೆ’ ಎಂಬುದು ಧಣಿಗಳ ಸಮರ್ಥನೆ. ಅದರಲ್ಲಿ ಸ್ವಲ್ಪ ಕಾಳಜಿಯೂ ಇತ್ತು, ಸಾಕಷ್ಟು ಅನುಕೂಲವೂ ಇತ್ತು. ಲೆಕ್ಕ ಧಣಿಯ ಬಳಿ ಇರುವ ತನಕ ಹುಡುಗ ಕೆಲಸ ಬಿಟ್ಟು ಹೋಗಲಾರ. ದುಡಿಯುತ್ತಾನೆ, ಮನೆ ಸಾಕುತ್ತಾನೆ, ಆದರೆ ಒಂದು ಜತೆ ಚಪ್ಪಲಿ ಕೊಳ್ಳಲು ಇನ್ನೊಬ್ಬರನ್ನು ಕೇಳಬೇಕು. ಹದಿಹರೆಯದವರ ದುಡಿಮೆಯನ್ನೇ ‘ಆರ್ಥಿಕ ಸ್ವಾವಲಂಬನೆ’ ಎಂದು ಕರೆಯುವವರು ಈ ಲೆಕ್ಕದ ಪುಸ್ತಕವನ್ನು ಮರೆಯಬಾರದು. ಸಂಬಳ ಮಾತ್ರವೇ ಆಗಿದ್ದರೆ ಈ ಹುಡುಗರ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮುಗಿಯದಂತೆ ನೋಡಿಕೊಂಡದ್ದು ರಾತ್ರಿ ಶಾಲೆ.

ದುಡಿಯುವವರಿಗೆ ರಾತ್ರಿ ಹೊತ್ತು ಪಾಠ ಹೇಳುವುದು ಪಶ್ಚಿಮ ಭಾರತಕ್ಕೆ ಹೊಸದೇನಲ್ಲ. ಜೋತಿರಾವ್ ಫುಲೆ ಪುಣೆಯ ತಮ್ಮ ಮನೆಯಲ್ಲಿಯೇ ಕೂಲಿಕಾರರಿಗಾಗಿ ರಾತ್ರಿ ಶಾಲೆ ತೆರೆದದ್ದು 1855ರಲ್ಲಿ. ಎನ್. ಎಂ. ಜೋಶಿಯವರು 1911ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಸೋಷಿಯಲ್ ಸರ್ವೀಸ್ ಲೀಗ್ ಗಿರಣಿ ಕಾರ್ಮಿಕರಿಗಾಗಿ ಇಂಥ ಶಾಲೆಗಳನ್ನು ನಡೆಸಿತು. ಕರಾವಳಿಯ ಕನ್ನಡಿಗರು ಈ ಪದ್ಧತಿಯನ್ನು ತಮ್ಮದಾಗಿಸಿಕೊಂಡರು. 1902ರಷ್ಟು ಹಿಂದೆಯೇ ಮುಂಬಯಿಯಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆಯ ಹೆಸರನ್ನು ಮುಂಬಯಿಯ ಹಳೆಯ ತಲೆಮಾರಿನವರು ಇಂದಿಗೂ ಗೌರವದಿಂದ ಹೇಳುತ್ತಾರೆ. ಜಾತಿ ಸಂಘಗಳೆಂದರೆ ಮೂಗು ಮುರಿಯುವ ನಮ್ಮಂಥವರು ಇಲ್ಲಿ ಸ್ವಲ್ಪ ತಡೆಯಬೇಕಾಗುತ್ತದೆ. ನಾರಾಯಣ ಗುರುಗಳ ಪ್ರಭಾವ ತುಳುನಾಡನ್ನು ಮುಟ್ಟಿದ ಮೇಲೆ, ಶಾಲೆಯ ಬಾಗಿಲು ತಮಗೆ ತೆರೆದಿರಲಿಲ್ಲ ಎಂಬ ನೆನಪುಳ್ಳ ಸಮುದಾಯಗಳು ಮುಂಬಯಿಯಲ್ಲಿ ಮೊದಲು ಕಟ್ಟಿದ್ದರಲ್ಲಿ ಶಾಲೆಯೂ ಒಂದು. ಯಾವ ಸಂಘ ನಡೆಸಿದರೂ ಬೆಂಚಿನ ಮೇಲೆ ಕೂರುತ್ತಿದ್ದವರು ಎಲ್ಲ ಜಾತಿಯ ಹುಡುಗರು.

ಶಾಲೆ ನಡೆಯುತ್ತಿದ್ದುದು ಹೆಚ್ಚಾಗಿ ಬಾಡಿಗೆಯ ಅಥವಾ ನಗರಪಾಲಿಕೆಯ ಹಗಲು ಶಾಲೆಯ ಕಟ್ಟಡದಲ್ಲಿ. ಹಗಲಿನ ಮಕ್ಕಳು ಮನೆಗೆ ಹೋದ ಮೇಲೆ ಅದೇ ಬೆಂಚು, ಅದೇ ಕರಿಹಲಗೆ. ಸಂಜೆ ಆರೂವರೆ ಏಳಕ್ಕೆ ಶುರುವಾದರೆ ಒಂಬತ್ತರ ಆಚೀಚೆ ಮುಕ್ತಾಯ. ಮಾಸ್ತರರೂ ಹಗಲಿನಲ್ಲಿ ಎಲ್ಲಿಯೋ ದುಡಿದು ಬಂದವರೇ: ಬೇರೆ ಶಾಲೆಯ ಉಪಾಧ್ಯಾಯರು, ಕಚೇರಿಯ ಗುಮಾಸ್ತರು. ಹೋದ ವರ್ಷ ಇದೇ ಶಾಲೆಯಲ್ಲಿ ಕಲಿತು ಪಾಸಾದವನು ಈ ವರ್ಷ ಕೆಳಗಿನ ತರಗತಿಗೆ ಲೆಕ್ಕ ಹೇಳಿಕೊಡುವುದೂ ಇತ್ತು. ಒಂದೇ ತರಗತಿಯಲ್ಲಿ ಹದಿಮೂರರವನ ಪಕ್ಕ ಇಪ್ಪತ್ತೆರಡರವನು. ಫೀಸಿಲ್ಲ, ಪುಸ್ತಕಗಳು ದಾನಿಗಳಿಂದ, ಆ ದಾನಿಗಳಲ್ಲಿ ಹಲವರು ಇದೇ ಹೋಟೆಲುಗಳ ಧಣಿಗಳು. ಹಗಲೆಲ್ಲ ಹುಡುಗನನ್ನು ಹಿಂಡಿದವನೇ ರಾತ್ರಿ ಅವನ ಪುಸ್ತಕಕ್ಕೆ ದುಡ್ಡು ಕೊಡುವುದು ವಿಚಿತ್ರವೆನಿಸಬಹುದು. ಆದರೆ ಆ ಧಣಿಯೂ ಒಂದು ಕಾಲಕ್ಕೆ ಮೋರಿಯಲ್ಲಿ ನಿಂತಿದ್ದವನು. ಮೇಲಾಗಿ ಹುಡುಗನ ಅಪ್ಪನಿಗೆ ಮುಂದಿನ ಮೇ ತಿಂಗಳ ಮದುವೆಯಲ್ಲಿ ಮುಖ ತೋರಿಸಬೇಕಾದವನು. ಊರಿನ ಕಣ್ಣು ಸಾವಿರ ಕಿಲೋಮೀಟರು ದೂರದಲ್ಲಿಯೂ ಅವನ ಮೇಲಿತ್ತು. ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರಿಗಿಂತ ಆ ಕಣ್ಣಿಗೇ ಅವನು ಹೆಚ್ಚು ಹೆದರುತ್ತಿದ್ದ ಎಂದು ನನ್ನ ಊಹೆ.

ಎಲ್ಲ ಹೋಟೆಲಿನ ಹುಡುಗರಿಗೂ ಈ ಶಾಲೆ ದಕ್ಕಲಿಲ್ಲ. ಇದನ್ನು ಅರ್ಥಮಾಡಿಕೊಳ್ಳಲು ಮುಂಬಯಿಯ ನಕ್ಷೆಯನ್ನೂ ಗಡಿಯಾರವನ್ನೂ ಒಟ್ಟಿಗೆ ನೋಡಬೇಕು. ಹೋಟೆಲಿಗೆ ಸಂಜೆ ಎಂದರೆ ಗಿರಾಕಿಗಳು ಮುತ್ತುವ ಹೊತ್ತು. ಗಿರಗಾಂವ್, ದಾದರ್, ಮಾಟುಂಗಾದಂಥ ವಸತಿ ಪ್ರದೇಶಗಳ ಹೋಟೆಲಿನಲ್ಲಿ ಏಳು ಗಂಟೆಗೆ ಹುಡುಗನನ್ನು ಬಿಟ್ಟುಕೊಡಲು ಯಾವ ಧಣಿಗೂ ಮನಸ್ಸಾಗದು. ಕೋಟೆ ಪ್ರದೇಶದ ಮಾತು ಬೇರೆ. ಅಲ್ಲಿ ಇರುವುದೆಲ್ಲ ಬ್ಯಾಂಕು, ವಿಮಾ ಕಂಪನಿ, ಹಡಗು ಕಂಪನಿ, ಸರಕಾರಿ ಕಚೇರಿ. ಐದೂವರೆಗೆ ಗುಮಾಸ್ತರ ಪ್ರವಾಹ ಚರ್ಚ್‌ಗೇಟಿಗೂ ಬೋರಿಬಂದರಿಗೂ ಹರಿದುಹೋದರೆ ಬೀದಿಗಳು ಬಣಗುಟ್ಟುತ್ತವೆ. ಆ ಕಚೇರಿಗಳ ಒಳಗೆ ಕ್ಯಾಂಟೀನುಗಳಿದ್ದವು, ಅವುಗಳಲ್ಲಿ ಬಹಳಷ್ಟನ್ನು ಗುತ್ತಿಗೆ ಹಿಡಿದವರು ನಮ್ಮವರೇ. ಕಚೇರಿ ಮುಚ್ಚಿದ ಮೇಲೆ ಕ್ಯಾಂಟೀನಿನ ಹುಡುಗನಿಗೆ ಮಾಡಲು ಕೆಲಸವಿಲ್ಲ. ಪಾತ್ರೆ ತೊಳೆದಿಟ್ಟು, ಮುಖಕ್ಕೆ ನೀರು ಹಾಕಿಕೊಂಡು, ಇದ್ದ ಒಂದು ಒಳ್ಳೆಯ ಅಂಗಿ ತೊಟ್ಟು ಹೊರಟರೆ ಹತ್ತು ನಿಮಿಷದ ನಡಿಗೆಯಲ್ಲಿ ಶಾಲೆ. ಕನ್ನಡದ ಹೆಸರಾಂತ ರಾತ್ರಿ ಶಾಲೆಗಳು ಕೋಟೆಯಲ್ಲಿ ನೆಲೆಯೂರಿದ್ದು ಆಕಸ್ಮಿಕವಲ್ಲ ಎಂದು ನನಗೆ ತೋರುತ್ತದೆ. ಹುಡುಗನ ಬುದ್ಧಿ, ಛಲ ಎಲ್ಲವೂ ಮುಖ್ಯವೇ. ಆದರೆ ಅವನನ್ನು ದಡ ಮುಟ್ಟಿಸಿದ್ದು ಸಂಜೆ ಆರರ ನಂತರ ಅವನದೇ ಆಗಿ ಸಿಕ್ಕ ಮೂರು ಗಂಟೆ.

ಶಾಲೆ ಕನ್ನಡದಲ್ಲಿ ಇದ್ದುದೂ ಸಣ್ಣ ಸಂಗತಿಯಲ್ಲ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡಿದರೂ ಹುಡುಗ ಊರಿನಲ್ಲಿ ಕಲಿತ ಅಕ್ಷರ ಕನ್ನಡದ್ದು. ಮರಾಠಿ ಶಾಲೆಗೆ ಹೋಗಿದ್ದರೆ ಅವನು ಮತ್ತೆ ಒಂದನೆಯ ತರಗತಿಯಿಂದ ಶುರುಮಾಡಬೇಕಿತ್ತು. ದಿನವೆಲ್ಲ ದುಡಿದವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮಹಾರಾಷ್ಟ್ರದ ಎಸ್.ಎಸ್.ಸಿ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಊರಿನಲ್ಲಿ ನಿಂತುಹೋದ ಪುಟದಿಂದಲೇ ಓದು ಮುಂದುವರಿಸಿ ಆ ಪ್ರಮಾಣಪತ್ರ ಪಡೆದರೆ ಅದಕ್ಕೆ ಮುಂಬಯಿಯ ಯಾವ ಕಚೇರಿಯಲ್ಲೂ ಬೆಲೆಯಿತ್ತು. ಜತೆಗೆ ಸ್ವಲ್ಪ ಇಂಗ್ಲಿಷು, ಬೆರಳಚ್ಚಿನ ಪರೀಕ್ಷೆ. ನಿನ್ನೆ ಚಹಾ ಕೊಂಡೊಯ್ದ ಕಚೇರಿಯಲ್ಲೇ ಇಂದು ಜವಾನನಾಗಿ, ನಾಲ್ಕು ವರ್ಷಗಳಾದ ಮೇಲೆ ಗುಮಾಸ್ತನಾಗಿ ಕೂರುವ ದಾರಿ ಇದು. ಕೆಲವರು ಸಂಜೆ ಕಾಲೇಜಿಗೂ ಹೋಗಿ ಪದವೀಧರರಾದರು, ವಕೀಲರಾದರು. ಮುಂಬಯಿಯ ಕನ್ನಡ ನಾಟಕ, ಯಕ್ಷಗಾನ, ಸಾಹಿತ್ಯ ಸಂಘಗಳ ಸಭಿಕರು, ಚಂದಾದಾರರು, ಬಹಳ ಸಲ ಬರಹಗಾರರು ಕೂಡ ಈ ಬೆಂಚುಗಳಿಂದಲೇ ಎದ್ದು ಬಂದವರು. ವಾರ್ಷಿಕೋತ್ಸವದ ರಾತ್ರಿ ಸ್ತ್ರೀವೇಷ ಹಾಕಿದ ಹುಡುಗ ಬೆಳಗಿನ ಜಾವ ಮುಖದ ಬಣ್ಣ ಪೂರ್ತಿ ಹೋಗದೆಯೇ ಇಡ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದ.

ಶಾಲೆ ಮತ್ತೊಂದನ್ನೂ ಕೊಟ್ಟಿತು: ಲೆಕ್ಕ ಓದಲು ಬರುವ ಕಣ್ಣು. ತನ್ನ ಹೆಸರಿನ ಮುಂದೆ ಧಣಿ ಏನು ಬರೆದಿದ್ದಾನೆ ಎಂದು ತಿಳಿಯಬಲ್ಲವನಿಗೆ ಸಂಬಳ ಕೇಳುವ ಧೈರ್ಯ ಬರುತ್ತದೆ. ಉಳಿತಾಯದ ವಿಷಯದಲ್ಲಿ ಕರಾವಳಿಗೆ ಮೊದಲಿನಿಂದಲೂ ಒಂದು ಜಾಣತನವಿದೆ. 1925ರಲ್ಲಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾದ ಸಂಸ್ಥೆ, 1928ರಲ್ಲೇ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಬ್ಯಾಂಕಿನವನೇ ಮನೆ ಬಾಗಿಲಿಗೆ ಬಂದು ಪಡೆದುಕೊಳ್ಳುವ ಏರ್ಪಾಡು ಅದು. ಮುಂಬಯಿಯ ಹುಡುಗರು ಚೀಟಿ ಹಾಕಿದರು, ಸೊಸೈಟಿ ಕಟ್ಟಿದರು. ಬಿಲ್ಲವರ ಅಸೋಸಿಯೇಶನ್ನಿನ ಆಶ್ರಯದಲ್ಲಿ 1978ರಲ್ಲಿ ಹುಟ್ಟಿದ ಭಾರತ್ ಕೋ-ಆಪರೇಟಿವ್ ಬ್ಯಾಂಕಿನ ಬೇರು ಇಂಥ ಕಡೆಗಳಲ್ಲಿಯೇ ಇದೆ.

ಇಷ್ಟು ಹೇಳಿದ ಮೇಲೆ, ಸಮಾರಂಭಗಳಲ್ಲಿ ಹೇಳದೆ ಬಿಡುವ ಸಂಗತಿಗಳಿಗೂ ಬರಬೇಕು.

ಧಣಿಯಾದ ಮಾಣಿಯ ಹಿಂದೆ ಮಾಣಿಯಾಗಿಯೇ ಉಳಿದವರು ಎಷ್ಟೋ ಮಂದಿ. ಅವರ ಸನ್ಮಾನ ಎಲ್ಲೂ ನಡೆಯುವುದಿಲ್ಲ. ಕ್ಷಯ ಹಿಡಿದು ಊರಿಗೆ ಮರಳಿದವರು, ಕಾಗದ ಬರೆಯುವುದನ್ನೇ ನಿಲ್ಲಿಸಿ ಆ ಮಹಾನಗರದಲ್ಲಿ ಕರಗಿಹೋದವರು, ಬಿಸಿ ಎಣ್ಣೆ ಬಿದ್ದ ಕೈಯವರು. ಹೋಟೆಲಿನ ಒಳಗೂ ಜಾತಿ ತನ್ನ ಜಾಗದಲ್ಲಿತ್ತು. ಹಳೆಯ ಉಡುಪಿ ಹೋಟೆಲುಗಳಲ್ಲಿ ಅಡುಗೆಮನೆ ಬ್ರಾಹ್ಮಣರದ್ದು. ಒಲೆಯ ಬಳಿ ಹೋಗಲಾರದವನಿಗೆ ಅಡುಗೆಯ ವಿದ್ಯೆ ಸಿಗದು. ಬೇರೆ ಸಮುದಾಯದವರು ತಮ್ಮದೇ ಹೋಟೆಲು, ಕ್ಯಾಂಟೀನು ಮಾಡಿಕೊಂಡ ಮೇಲೆಯೇ ಆ ಬಾಗಿಲು ತೆರೆದದ್ದು. ಕರಾವಳಿಯ ದಲಿತ ಹುಡುಗನಿಗಂತೂ ಈ ಏಣಿಯ ಮೊದಲ ಮೆಟ್ಟಿಲೇ ಎಟುಕುತ್ತಿರಲಿಲ್ಲ. ಅವನನ್ನು ಕರೆದೊಯ್ಯಲು ಮುಂಬಯಿಯಲ್ಲಿ ಹೋಟೆಲು ಇಟ್ಟ ಮಾವನಿರಲಿಲ್ಲ.

ಅಕ್ಕ ತಂಗಿಯರ ಕಥೆ ಏನು? ತಮ್ಮ ಮುಂಬಯಿಗೆ ಹೋದ ಅದೇ ವರ್ಷಗಳಲ್ಲಿ, ಅದೇ ಮನೆಯ ಜಗಲಿಯಲ್ಲಿ, ಅಕ್ಕ ಬೀಡಿ ಕಟ್ಟುತ್ತಿದ್ದಳು. ದಕ್ಷಿಣ ಕನ್ನಡದ ಬೀಡಿ ಉದ್ಯಮ ನಿಂತದ್ದೇ ಹೆಣ್ಣುಮಕ್ಕಳ ಬೆರಳುಗಳ ಮೇಲೆ. ಮಡಿಲಲ್ಲಿ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕೈ ಪಳಗಿದವರು ದಿನಕ್ಕೆ ಸಾವಿರದಷ್ಟು ಕಟ್ಟಿ ಬೀಡಿ ಬ್ರಾಂಚಿಗೆ ಒಯ್ದು ಕೊಡುತ್ತಿದ್ದರು. 1938ರ ಮಕ್ಕಳ ಉದ್ಯೋಗ ಕಾಯ್ದೆ ಬೀಡಿ ಕೆಲಸವನ್ನು ಪಟ್ಟಿಗೆ ಸೇರಿಸಿತ್ತಾದರೂ ಮನೆಮಂದಿಯೇ ಸೇರಿ ಮಾಡುವ ಕೆಲಸವನ್ನು ಹೊರಗಿಟ್ಟಿತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆಯ ಬಾಲಕಾರ್ಮಿಕ ನಿಷೇಧವೂ ಕೆಲಸದ ಶೆಡ್ಡಿಗೆ ಅನ್ವಯಿಸಿತೇ ಹೊರತು ಜಗಲಿಗೆ ಅಷ್ಟಾಗಿ ಅಲ್ಲ. ಎಷ್ಟೋ ಮನೆಗಳಲ್ಲಿ ಮಳೆಗಾಲದ ಅಕ್ಕಿ ಬಂದದ್ದು ಅವಳ ಬೀಡಿಯಿಂದ, ಅವಳ ಮದುವೆಯ ಒಡವೆಯೂ ಅವಳ ಬೀಡಿಯಿಂದಲೇ. ತಮ್ಮನ ಮನಿಯಾರ್ಡರು ಬಂದ ದಿನ ಮಾತ್ರ ಪೋಸ್ಟ್‌ಮನ್ ಅಂಗಳದಲ್ಲಿ ನಿಂತು ಹೆಸರು ಕೂಗುತ್ತಿದ್ದ. ಅದು ಊರಿಗೆಲ್ಲ ಗೊತ್ತಾಗುವ ದುಡ್ಡು. ಅಕ್ಕನದು ದಿನದಿನವೂ ಬಂದು ದಿನದಿನವೂ ಕರಗುವ ದುಡ್ಡು. ಅವಳಿಗೆ ಸಂಜೆ ಆರರ ನಂತರ ಬಿಡುವಿರಲಿಲ್ಲ. ದೀಪ ಹಚ್ಚಿ, ದನ ಕಟ್ಟಿ, ಅಡುಗೆ ಮಾಡಿ, ಉಳಿದ ಎಲೆಗೆ ನೂಲು ಸುತ್ತಬೇಕಿತ್ತು. ಅವಳಿಗೆಂದು ರಾತ್ರಿ ಶಾಲೆ ತೆರೆಯಬೇಕೆಂದು ಯಾವ ಸಂಘವೂ ಠರಾವು ಮಾಡಲಿಲ್ಲ. ದುಡಿಮೆಯಿಂದಲೇ ಬಲ ಬರುತ್ತದೆ ಎನ್ನುವುದಾದರೆ ತಮ್ಮನಿಗಿಂತ ಮೊದಲು ಅಕ್ಕನಿಗೆ ಬರಬೇಕಿತ್ತು.

ಕಾನೂನು ಇದನ್ನೆಲ್ಲ ತನ್ನ ವೇಗದಲ್ಲಿ ಹಿಂಬಾಲಿಸಿತು. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೋಟೆಲುಗಳಲ್ಲಿ ಮಕ್ಕಳ ದುಡಿಮೆಯನ್ನು ತಡೆದು, ಹದಿಹರೆಯದವರ ಕೆಲಸದ ಗಂಟೆಗಳಿಗೆ ಮಿತಿ ಹಾಕಿತ್ತು. ಕಾಗದದ ಮೇಲೆ ಹಾಗಿದ್ದರೂ ಇನ್ಸ್‌ಪೆಕ್ಟರು ಬಂದಾಗ ಹುಡುಗನ ವಯಸ್ಸು ಏರುತ್ತಿತ್ತು, ಇಲ್ಲವೇ ಹುಡುಗನೇ ಅಟ್ಟಕ್ಕೆ ಏರುತ್ತಿದ್ದ. 1986ರ ಬಾಲಕಾರ್ಮಿಕ ಕಾಯ್ದೆ ಹದಿನಾಲ್ಕರ ಗೆರೆ ಎಳೆದರೂ ಅಪಾಯಕಾರಿ ಎಂದು ಹೆಸರಿಸಿದ ಕೆಲಸಗಳನ್ನು ಮಾತ್ರ ನಿಷೇಧಿಸಿತು. ಹೋಟೆಲು, ಢಾಬಾ ಮತ್ತು ಮನೆಗೆಲಸ ಆ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರಿನಲ್ಲಿ. 2016ರ ತಿದ್ದುಪಡಿ ಹದಿನಾಲ್ಕರೊಳಗಿನವರಿಗೆ, ಮನೆಯ ಕಸುಬಿನಲ್ಲಿ ಶಾಲೆ ಬಿಟ್ಟ ಹೊತ್ತಿನಲ್ಲಿ ನೆರವಾಗುವಂಥ ಕೆಲವು ವಿನಾಯಿತಿಗಳನ್ನುಳಿದು, ಎಲ್ಲ ದುಡಿಮೆಯನ್ನೂ ನಿಷೇಧಿಸಿತು. ಹದಿನಾಲ್ಕರಿಂದ ಹದಿನೆಂಟರವರನ್ನು ಅಪಾಯದ ಕೆಲಸಗಳಿಂದ ದೂರವಿಟ್ಟು, ಉಳಿದ ಕೆಲಸಗಳಲ್ಲಿ ಅವರಿಗೆ ಗಂಟೆಗಳ ಕಟ್ಟು ಹಾಕಿತು. ಈ ಗಂಟೆಗಳ ಮಾತಿಗೆ ಮತ್ತೆ ಬರುತ್ತೇನೆ.

ನಿಷೇಧವೊಂದೇ ಸಾಕೇ ಎಂಬ ಪ್ರಶ್ನೆಯನ್ನು ಕೇಳಿದವರಲ್ಲಿ ದುಡಿಯುವ ಮಕ್ಕಳೂ ಇದ್ದರು. 1992ರಲ್ಲಿ ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್, ಮಕ್ಕಳು ದುಡಿದು ತಯಾರಿಸಿದ ವಸ್ತುಗಳ ಆಮದನ್ನು ತಡೆಯುವ ಮಸೂದೆ ತಂದರು. ಅದು ಕಾನೂನಾಗಲೇ ಇಲ್ಲ. ಆದರೂ ಅದರ ಸುದ್ದಿಗೇ ಹೆದರಿ ಢಾಕಾದ ಸಿದ್ಧ ಉಡುಪಿನ ಕಾರ್ಖಾನೆಗಳು ಸಾವಿರಾರು ಮಕ್ಕಳನ್ನು ಹೊರಗೆ ಹಾಕಿದವು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಅವರು ಶಾಲೆಗೆ ಹೋಗಲಿಲ್ಲ. ಹಲವರು ಕಲ್ಲು ಒಡೆಯುವಂಥ, ಮೊದಲಿಗಿಂತ ಕಷ್ಟದ ಕೆಲಸಗಳಿಗೆ ಹೋದರು ಎಂದು ಯುನಿಸೆಫ್ ಮುಂದೆ ವರದಿ ಮಾಡಿತು. 1995ರಲ್ಲಿ ಕಾರ್ಖಾನೆ ಮಾಲೀಕರ ಸಂಘ, ಯುನಿಸೆಫ್, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಪ್ಪಂದ ಮಾಡಿಕೊಂಡು ಆ ಮಕ್ಕಳಿಗೆ ಶಾಲೆ ಮತ್ತು ತಿಂಗಳ ಭತ್ಯೆ ಏರ್ಪಡಿಸಬೇಕಾಯಿತು.

ಮರುವರ್ಷ, 1996ರಲ್ಲಿ, ಏಷ್ಯ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಮೊದಲ ಬಾರಿಗೆ ಒಂದೆಡೆ ಸೇರಿದರು. ಸೇರಿದ ಊರು ಕುಂದಾಪುರ! ಕರ್ನಾಟಕದ ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡಿದ್ದ ಭೀಮ ಸಂಘ ಅದರಲ್ಲಿ ಪಾಲ್ಗೊಂಡಿತ್ತು. ಆ ಮಕ್ಕಳು ಹೊರಡಿಸಿದ ಹತ್ತು ಅಂಶಗಳ ಘೋಷಣೆಯಲ್ಲಿ ತಾವು ತಯಾರಿಸಿದ ವಸ್ತುಗಳ ಬಹಿಷ್ಕಾರ ಬೇಡ ಎಂಬುದಿತ್ತು; ಗೌರವದ ಕೆಲಸ ಬೇಕು, ಓದಿಗೂ ವಿರಾಮಕ್ಕೂ ಸಮಯ ಉಳಿಯುವಷ್ಟೇ ಗಂಟೆಗಳ ಕೆಲಸ ಬೇಕು ಎಂಬುದಿತ್ತು. ನೂರು ವರ್ಷಗಳಿಂದ ಮಾಣಿಗಳನ್ನು ಮುಂಬಯಿಗೆ ಕಳಿಸಿದ ಊರಿನಲ್ಲಿ ಈ ಮಾತು ಹುಟ್ಟಿದ್ದು ಸಹಜವೆನಿಸುತ್ತದೆ. ಚಿಕ್ಕ ಮಕ್ಕಳು ದುಡಿಯುವುದನ್ನು ಒಪ್ಪುವವನು ನಾನಲ್ಲ. ಹತ್ತು ವರ್ಷದವನ ಜಾಗ ಹಗಲಿನ ಶಾಲೆ. ರಾತ್ರಿ ಶಾಲೆ ಅದಕ್ಕೆ ಬದಲಿಯಲ್ಲ. ಆದರೆ ಹದಿನೈದು ಹದಿನಾರರ ಹುಡುಗ ಅಥವಾ ಹುಡುಗಿ, ಮನೆಯ ಬಡತನದಿಂದ ದುಡಿಯಲು ಹೊರಟವರು, ನಮ್ಮಿಂದ ಕೇಳುವುದು ಕರುಣೆಯನ್ನಲ್ಲ, ಗಂಟೆಗಳನ್ನು. ಆ ಬೇಡಿಕೆಗೆ ಉತ್ತರ ಕೊಡಲು ನಿಷೇಧದ ಭಾಷೆಗೆ ಇನ್ನೂ ಬಂದಿಲ್ಲ.

ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಸೊರಗಿದವು. ಅದಕ್ಕೆ ದುಃಖಿಸಬೇಕಾದ ಕಾರಣಗಳಿಗಿಂತ ಸಂತೋಷಪಡಬೇಕಾದ ಕಾರಣಗಳೇ ಹೆಚ್ಚು. ಕರಾವಳಿಯ ಹಳ್ಳಿಹಳ್ಳಿಗೆ ಹೈಸ್ಕೂಲು ಬಂತು, ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯಿತು, ಶಾಲೆಯಲ್ಲಿ ಬಿಸಿಯೂಟ ಸಿಕ್ಕಿತು. ಕೆಲಸಕ್ಕೆ ಹೋಗುವವರೂ ಪಿಯುಸಿ ಮುಗಿಸಿ ಬೆಂಗಳೂರಿಗೋ ಕೊಲ್ಲಿ ದೇಶಗಳಿಗೋ ಹೋಗತೊಡಗಿದರು. ಬೀಡಿ ಕಟ್ಟಿದವಳ ಮಗಳು ನರ್ಸಿಂಗ್ ಓದಿದಳು. ಮುಂಬಯಿಯ ಉಡುಪಿ ಹೋಟೆಲಿನ ಮೋರಿಯಲ್ಲಿ ಈಗ ನಿಂತಿರುವವರು ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳದವರು.

ಬೆಂಗಳೂರಿನಲ್ಲೂ ಹಾಗೆಯೇ. ದರ್ಶಿನಿಯ ಮುಂದೆ ನಿಂತು ಕಾಫಿ ಕುಡಿಯುವಾಗ ಲೋಟ ಎತ್ತಲು ಬರುವ ಹುಡುಗನನ್ನು ಯಾವ ಊರಪ್ಪಾ ಎಂದು ಕೇಳಿದರೆ ಅಸ್ಸಾಂ ಎನ್ನುತ್ತಾನೆ, ಝಾರ್ಖಂಡ್ ಎನ್ನುತ್ತಾನೆ. ವಯಸ್ಸು ಕೇಳಿದರೆ ತಡವರಿಸದೆ ಹದಿನೆಂಟು ಎನ್ನುತ್ತಾನೆ. ಮುಖ ಬೇರೆ ಹೇಳುತ್ತದೆ. ಅವನಿಗೆ ಸಂಬಳ ನಮ್ಮ ಹಳೆಯ ಮಾಣಿಗಿಂತ ಚೆನ್ನಾಗಿಯೇ ಇದೆ. ಅದು ಫೋನಿನಲ್ಲೇ ಊರಿಗೆ ಹೋಗುತ್ತದೆ, ಧಣಿಯ ಲೆಕ್ಕದ ಪುಸ್ತಕಕ್ಕೆ ಕಾಯಬೇಕಾಗಿಲ್ಲ. ಆದರೆ ಅವನ ಊರಿನ ಕಣ್ಣು ಇಲ್ಲಿ ಯಾರ ಮೇಲೂ ಇಲ್ಲ. ಕರೆತಂದವನು ಗುತ್ತಿಗೆದಾರ, ಮಾವನಲ್ಲ. ಧಣಿ ಅವನ ಅಪ್ಪನನ್ನು ಯಾವ ಮದುವೆಯಲ್ಲೂ ಎದುರಾಗಬೇಕಾಗಿಲ್ಲ. ಅವನ ಭಾಷೆಯಲ್ಲಿ, ಅವನು ಬಿಟ್ಟುಬಂದ ಪುಟದಿಂದ ಪಾಠ ಶುರುಮಾಡುವ ಶಾಲೆ ಈ ಊರಿನಲ್ಲಿ ಅವನಿಗೆ ಯಾರೂ ತೋರಿಸಿಲ್ಲ.

ಗಂಟೆಗಳ ಮಾತು ಬಾಕಿ ಇತ್ತು. ತಿದ್ದುಪಡಿಯಾದ ಕಾಯ್ದೆಯ ಏಳನೆಯ ಸೆಕ್ಷನ್ ಪ್ರಕಾರ ಹದಿನಾಲ್ಕರಿಂದ ಹದಿನೆಂಟರೊಳಗಿನವರನ್ನು ಸತತ ಮೂರು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಿರಾಮವೂ ಸೇರಿ ದಿನಕ್ಕೆ ಒಟ್ಟು ಆರು ಗಂಟೆ ದಾಟುವಂತಿಲ್ಲ. ಸಂಜೆ ಏಳರಿಂದ ಬೆಳಿಗ್ಗೆ ಎಂಟರ ತನಕ ಕೆಲಸವೇ ಕೂಡದು. ಕೋಟೆಯ ಕ್ಯಾಂಟೀನಿನ ಹುಡುಗ ಮುಖ ತೊಳೆದು ಶಾಲೆಗೆ ಹೊರಡುತ್ತಿದ್ದುದು ಸುಮಾರಿಗೆ ಇದೇ ಹೊತ್ತಿಗೆ. ಅಂದು ಕಚೇರಿಯ ಬಾಗಿಲು ಮುಚ್ಚಿದ್ದರಿಂದ ತಾನಾಗಿ ಸಿಕ್ಕ ಬಿಡುವನ್ನು ಇಂದು ಕಾನೂನೇ ಬರೆದುಕೊಟ್ಟಿದೆ. ಸಂಜೆ ಏಳರ ಹೊತ್ತಿಗೆ ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ನೋಡಿ, ಸರಕಾರಿ ಶಾಲೆಯ ಗೇಟಿಗೆ ಬೀಗ ಬಿದ್ದಿರುತ್ತದೆ. ಒಳಗೆ ಬೆಂಚುಗಳು ಖಾಲಿ. ಎರ

ಡು ಬೀದಿ ಆಚೆ ಮಸಾಲೆ ದೋಸೆಗೆ ಟೋಕನ್ ಹಿಡಿದವರ ಸಾಲು ಬೆಳೆದಿರುತ್ತದೆ. ಹುಡುಗ ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಲೋಟಗಳ ಬುಟ್ಟಿ ಎತ್ತಿಕೊಳ್ಳುತ್ತಾನೆ.